ಮೂರನೆಯ ತಟ್ಟೆ

ಕಾಗವಾಡದಲ್ಲಿ ಮಿರಜ್ ಬಸ್ಸು ತಪ್ಪಿತು. ಬಿಸಿಲಲ್ಲಿ ನಿಂತಿದ್ದ ನನ್ನನ್ನು ದ್ರಾಕ್ಷಿ ಬೆಳೆಗಾರ ಪಾಯಪ್ಪನವರು ಮನೆಗೆ ಕರೆದೊಯ್ದರು. ನಿಮ್ಮ ದ್ರಾಕ್ಷಿಯಿಂದ ವೈನ್ ಮಾಡುವುದಿಲ್ಲವೇ ಎಂದು ಕೇಳಿದೆ.

"ಛೇ ಛೇ, ನಾವು ಜೈನರ್ರಿ! ಬೇದಾಣಾ ಮಾಡ್ತೇವಿ," ಎಂದು ಒಣದ್ರಾಕ್ಷಿಯ ಮೂರು ತಟ್ಟೆ ಮುಂದಿಟ್ಟರು. ಮೂರೂ ತಮ್ಮವೇ ಅಂತೆ. ತಳಿ ಒಂದೇ, ಬಿಸಿಲೂ ಒಂದೇ, ರುಚಿ ಮಾತ್ರ ಮೂರು ಥರ. ಮೂರನೆಯದನ್ನು ನಾನು ಎರಡು ಸಲ ತೆಗೆದುಕೊಂಡೆ.

"ಯಾವ ಹೊಲದ್ದಂತ ನಮ್ಮಾಕಿ ಕಣ್ಣು ಮುಚ್ಚಿ ಹೇಳ್ತಾಳ ನೋಡ್ರಿ," ಎಂದು ಹೆಂಡತಿಯನ್ನು ಕರೆದರು.

ಆಕೆ ಕಣ್ಣು ಮುಚ್ಚಿ ಒಂದೊಂದೇ ಬಾಯಿಗೆ ಹಾಕಿಕೊಂಡರು. "ಇದು ದಪ್ಪ, ಸ್ವಲ್ಪ ಹುಳಿ. ಕರಿಮಣ್ಣಿನ ಎರಿ ಹೊಲದ್ದು. ಇದು ಸಣ್ಣದು, ಭಾಳ ಸಿಹಿ. ಕಲ್ಲುಮಡ್ಡಿ ಹೊಲದ್ದು." ಮೂರನೆಯದನ್ನು ನಿಧಾನವಾಗಿ ಅಗಿದರು. "ಇದೂ ಎರಿದೇ. ಆದ್ರ ಅವಸರ ಮಾಡಲಾರದ ನೆಳ್ಳಾಗ ಒಣಗಿಸ್ಯಾರ. ಈ ಕೈ ನಮ್ಮದಲ್ಲ. ನಮ್ಮ ಮೈದುನಂದು."

ಕಣ್ಣು ತೆರೆದು ಗಂಡನನ್ನು ನೋಡಿದರು. "ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷ ಆತಲ್ಲ. ಇದೆಲ್ಲಿಂದ ಬಂತು?"

"ಮಿರಜ್ ಪ್ಯಾಟ್ಯಾಗ ತಗೊಂಡೆ," ಎಂದ ಪಾಯಪ್ಪನವರು ಆ ತಟ್ಟೆಯನ್ನು ನನ್ನ ಮುಂದಿನಿಂದ ತಮ್ಮ ಕಡೆಗೆ ಎಳೆದುಕೊಂಡರು.