'ಬರ್ತೇನಿ'ಗೆ ಇಂಗ್ಲಿಷು

ಟಪ್. ಸ್ವಲ್ಪ ತಡೆದು ಮತ್ತೊಮ್ಮೆ, ಟಪ್. ಇಂದಿಗೂ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಮುದ್ರೆ ಬಿದ್ದರೆ ಸಾಕು, ನಾನು ಬೀದರಿನ ಚರ್ಚ್ ಕಂಪೌಂಡಿನ ನಮ್ಮ ಮನೆಯ ಪಡಸಾಲೆಯಲ್ಲಿರುತ್ತೇನೆ. ಅಲ್ಲಿ ಅಪ್ಪನ ತಂಗಿ ಸುಶೀಲಾ ಅತ್ಯಾ ಕಾಲು ಚಾಚಿ ಕೂತು, ಸವೆದ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಅಕ್ಷರ ಕೆತ್ತಿ, ನೀಲಿ ಮಸಿ ಹಚ್ಚಿ, ಕಾಗದದ ಮೇಲೆ ಒತ್ತುತ್ತಿರುತ್ತಾಳೆ. ಮಸಿಯ ವಾಸನೆಯ ಜೊತೆಗೆ ಹೊರಗಿನಿಂದ ಬಿಸಿಲಿಗೆ ಕಾದ ಕೆಂಪು ಕಲ್ಲಿನ ವಾಸನೆ. ಆ ಮನೆ ಈಗಿಲ್ಲ. ಕೆಡವುವಾಗ ನೋಡಲು ಹೋಗಿದ್ದೆ. ನಿಮಗೂ ಹೀಗಾಗಿರಬಹುದು, ಅಳು ಬರುತ್ತದೆಂದು ಕರ್ಚೀಫು ಹಿಡಿದು ಹೋಗಿದ್ದವಳಿಗೆ ಏನೂ ಅನ್ನಿಸಲಿಲ್ಲ.

ಚಪ್ಪಲಿಯಲ್ಲಿ ಅಚ್ಚು ಮಾಡುವುದನ್ನು ಕಲಿಸಿದವಳು ಇಂಗಾ. ಚರ್ಚಿನವರ ಯೂತ್ ಎಕ್ಸ್‌ಚೇಂಜ್ ಪ್ರೋಗ್ರಾಮಿನಲ್ಲಿ ಸ್ವೀಡನ್ನಿನಿಂದ ಬಂದು ಆರು ತಿಂಗಳು ನಮ್ಮ ಮನೆಯಲ್ಲಿದ್ದಳು. ನನಗಾಗ ಹತ್ತು ವರ್ಷ. "ಇಂಗು ಅಂತ ಯಾರರ ಹೆಸರಿಡ್ತಾರೇನ?" ಎಂದು ಅಪ್ಪನ ತಾಯಿ, ನಮ್ಮ ಆಯಿ, ಮೊದಲ ದಿನವೇ ನಕ್ಕಳು. ಎರಡು ತಿಂಗಳು ಬಿಟ್ಟು ಇಂಗಾ ಅದಕ್ಕೆ ಉತ್ತರ ಕೊಟ್ಟಳು, "ಒಗ್ಗರಣಿ ಹಾಕ್ಲಿಕ್ಕೇ ಬಂದೇನ್ರಿ." ಅವಳೂ ಅತ್ಯಾಳೂ ಬಸ್ಸು ಹಿಡಿದು ಭಾಲ್ಕಿಯ ಸಾಲೆಗೆ ಹೋಗಿ ಮಕ್ಕಳಿಗೆ ಅಚ್ಚು ಕಲಿಸುತ್ತಿದ್ದರು. ಇಂಗಾ ಚಿತ್ರ ಕೆತ್ತಿಸಿದರೆ ಅತ್ಯಾ ಅದರ ಕನ್ನಡ ಹೆಸರು ಕೆತ್ತಿಸುತ್ತಿದ್ದಳು. ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರಬೇಕಲ್ಲ, ಅತ್ಯಾಳಿಗೆ ಕನ್ನಡಿಯೇ ಬೇಕಿರಲಿಲ್ಲ. ಒಂದು ಬೆಳಗ್ಗೆ ಹೊಸಿಲು ದಾಟುತ್ತ ಇಂಗಾ "ಹೋಗ್ತೇನ್ರಿ" ಎಂದಳು. ಆಯಿ ಮೊರ ಕೆಳಗಿಟ್ಟಳು. "ಹಂಗ ಅನಬಾರದವ್ವಾ. ಸತ್ತೋರು ಹೋಗ್ತಾರ. ನಾವು ಬರ್ತೇನಿ ಅನಬೇಕು." ಇಂಗಾ ಅತ್ಯಾಳ ಕಡೆ ತಿರುಗಿ, "ಹೋಗೂದನ್ನ ಸುದ್ದಾ ಉಲ್ಟಾ ಕೆತ್ತತೀರಿ ನೀವು!" ಎಂದಳು.

ಇಂಗಾ ಬಂದದ್ದಕ್ಕೆ ಬದಲಾಗಿ ನಮ್ಮ ಕಡೆಯ ಒಬ್ಬ ಹುಡುಗಿ ಸ್ವೀಡನ್ನಿಗೆ ಹೋಗಿ ಒಂದು ವರ್ಷ ಚಿತ್ರಕಲೆ ಕಲಿಯಬಹುದಿತ್ತು. ಇಂಟರ್‌ವ್ಯೂ ಮಾತ್ರ ಇಂಗ್ಲಿಷಿನಲ್ಲಿ. ಅತ್ಯಾ ಕನ್ನಡ ಮೀಡಿಯಮ್ಮಿನ ಮೆಟ್ರಿಕ್, ನಾನು ಕಾನ್ವೆಂಟ್. ಹಾಗಾಗಿ ನಾನೇ ಟೀಚರ್. "ಒಂದ ವರ್ಷ, ಬೇಬಿ. ಬರೇ ಒಂದ ವರ್ಷ ನಂದು ಅಂತ ಇರಲಿ. ಆಮ್ಯಾಲ ಎಲ್ಲಿ ಬೇಕಾದರೂ ಲಗ್ನಾ ಮಾಡ್ಲಿ," ಎನ್ನುತ್ತಿದ್ದಳು. ನಾನು ಫುಟ್‌ರೂಲರ್ ಹಿಡಿದು "ಸುಶೀಲಾ, ಸಿಟ್ ಡೌನ್" ಎಂದರೆ ಕೂರುತ್ತಿದ್ದಳು. ಒಂದು ತಿಂಗಳಲ್ಲಿ ಎಷ್ಟು ಕಲಿತಳು! ಆದರೆ ಪ್ರತಿ ಪಾಠದ ಕೊನೆಗೆ ಎದ್ದು ಕೈಮುಗಿದು, "ಥ್ಯಾಂಕ್ ಯೂ ಸರ್, ಐ ಆಮ್ ಕಮಿಂಗ್" ಎಂದು ಬಾಗಿಲ ಕಡೆ ನಡೆಯುವಳು. ಆಯಿಯ ಬರ್ತೇನಿ. ಅದು ತಪ್ಪೆಂದು ನನಗೆ ಗೊತ್ತಿತ್ತು. ಕಾನ್ವೆಂಟಿನಲ್ಲಿ ಅದನ್ನು ಆಕ್ಟ್ ಮಾಡಿ ತೋರಿಸಿ ಗೆಳತಿಯರನ್ನು ನಗಿಸುತ್ತಿದ್ದೆ. ತಿದ್ದಿದರೆ ಜೋಕು ಮುಗಿದುಹೋಗುತ್ತಿತ್ತು. ತಿದ್ದಲಿಲ್ಲ.

ಇಂಟರ್‌ವ್ಯೂ ಚರ್ಚಿನ ಹಾಲಿನಲ್ಲೇ ನಡೆಯಿತು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅತ್ಯಾ ಎಲ್ಲದಕ್ಕೂ ಚೆನ್ನಾಗಿ ಉತ್ತರಿಸಿದಳು, ಅಚ್ಚುಗಳನ್ನು ನೋಡಿ ಅವರು ವೆರಿ ಗುಡ್ ಎಂದರು. ಕೊನೆಗೆ ಎದ್ದು, ಕೈಮುಗಿದು, ಐ ಆಮ್ ಕಮಿಂಗ್ ಸರ್ ಎಂದು ಹೊರಟಳು. "ಕಮಿಂಗ್ ವೇರ್, ಮೈ ಡಿಯರ್?" ಎಂದರು ಒಬ್ಬರು. ಮೇಜಿನ ಸುತ್ತ ಎಲ್ಲರೂ ನಕ್ಕರು. ಹೋಗಬೇಕೋ ತಿರುಗಿ ಬರಬೇಕೋ ತಿಳಿಯದೆ ಅತ್ಯಾ ನಡುವೆ ನಿಂತು ನನ್ನ ಕಡೆ ನೋಡಿದಳು. ನಾನೂ ನಗುತ್ತಿದ್ದೆ.

ಬೇರೆ ಹುಡುಗಿ ಹೋದಳು. ಕಾರಣವನ್ನು ಯಾರೂ ಹೇಳಲಿಲ್ಲ. ಯಾತಕ್ಕೆ ನಕ್ಕರೆಂದು ಇಂಗಾ ಬಿಡಿಸಿ ಹೇಳಿದ ಮೇಲೆ ಅತ್ಯಾ ನನ್ನನ್ನು ಒಂದೇ ಮಾತು ಕೇಳಿದಳು, "ಟೀಚರಗ ಗೊತ್ತಿದ್ದಿಲ್ಲೇನು?" ಗೊತ್ತಿರಲಿಲ್ಲ ಎಂದೆ. ಅದೇ ವರ್ಷ ಔರಾದಿಗೆ ಮದುವೆಯಾಗಿ ಹೋದಳು. ಅಚ್ಚುಗಳು ಬಿಸ್ಕೀಟಿನ ಡಬ್ಬಿಯೊಳಗೆ ನಮ್ಮಲ್ಲೇ ಉಳಿದವು. ಒಂದಿನ ತೆಗೆದು ನೋಡಿದರೆ ರಬ್ಬರು ಪುಡಿಪುಡಿ, ಒಂದಕ್ಷರವೂ ಇರಲಿಲ್ಲ.

ಅತ್ಯಾಳನ್ನು ಕೊನೆಯ ಸಲ ನೋಡಿದ್ದು ಬೀದರಿನ ಬಸ್ ಸ್ಟ್ಯಾಂಡಿನಲ್ಲಿ. ಡಾಕ್ಟರಿಗೆ ತೋರಿಸಿಕೊಳ್ಳಲು ಬಂದಿದ್ದಳು, ನಾನೇ ಔರಾದಿನ ಬಸ್ಸು ಹತ್ತಿಸಿದೆ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಡಾಕ್ಟರು ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದೆವು. ಅಷ್ಟು ವರ್ಷ ಪ್ರತಿ ಸಲವೂ ಬರ್ತೇನಿ ಬೇಬಿ ಎಂದೇ ಹೊರಡುತ್ತಿದ್ದವಳು ಅಂದು ಕಿಟಕಿಯ ಸರಳಿಗೆ ಮುಖವಿಟ್ಟು, ಒಂದೊಂದೇ ಶಬ್ದ ಬಿಡಿಸಿ, "ಐ ಆಮ್ ಗೋಯಿಂಗ್, ಟೀಚರ್," ಎಂದಳು. ಡ್ರೈವರು ಗಾಡಿ ಚಾಲೂ ಮಾಡಿದ. ಅವಳು ದನಿ ಎತ್ತಿದಳು.

"ಈಗರ ಕರೆಕ್ಟ್ ಅದನೋ ಇಲ್ಲೋ?"

"ಕರೆಕ್ಟ್ ಅದ, ಅತ್ಯಾ," ಎಂದೆ.