ಬಾಣಂತನದ ಕಟ್ಟು ಬಿಚ್ಚದ ಮುನಿಯಕ್ಕ

ಅಕ್ಕಿ ತೊಳೆದ ನೀರು ಬಗ್ಗಿಸುತ್ತಿದ್ದ ಮುನಿಯಕ್ಕನಿಗೆ ಸೀನು ಬರುತ್ತದೆ. ಪಾತ್ರೆಯನ್ನು ತೊಟ್ಟಿಯ ಅಂಚಿಗೆ ಒರಗಿಸಿ, ಕಾಲು ಜೋಡಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಪೀಣ್ಯದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿಯವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಕಾರ್ಖಾನೆ ಕ್ಯಾಂಟೀನಿನಲ್ಲಿ ಚಿತ್ರಾನ್ನ ಸಿದ್ಧವಿರಬೇಕು.

"ಏನಕ್ಕಾ, ಧ್ವಜ ಹಾರಿಸ್ತಾವ್ರಾ? ಅಟೆನ್ಷನ್ನಲ್ಲಿ ನಿಂತ್ಬಿಟ್ಟೆ!" ಈರುಳ್ಳಿ ಹೆಚ್ಚುತ್ತಿರುವ ಪದ್ಮಾವತಿ ಕಿಚಾಯಿಸುತ್ತಾರೆ.

"ನೀನೂ ಅವಳಿಜವಳಿ ಎತ್ತು ನೋಡು, ಆಮ್ಯಾಕೆ ನಗುವಂತೆ."

ಮಾಕಳಿಯ ಮುನಿಯಕ್ಕ ಅವಳಿ ಮಕ್ಕಳನ್ನು ಹೆತ್ತಾಗ, ತಾಯಿ ಹಳೇ ಸೀರೆ ಹರಿದು ಹೊಟ್ಟೆಗೆ ಸುತ್ತಿದ್ದರು. ಹೊಟ್ಟೆ ಇಳಿದ ಮೇಲೆ ಬಿಚ್ಚುವ ಕಟ್ಟು ಅದು. ಹೊಟ್ಟೆ ಇಳಿಯಲಿಲ್ಲ, ಕಟ್ಟೂ ಬಿಚ್ಚಲಿಲ್ಲ. ಇಂದಿಗೂ ಅದನ್ನು ಬಿಗಿದುಕೊಂಡೇ ಅನ್ನದ ಹಂಡೆ ಎತ್ತುತ್ತಾರೆ. ಜೋತ ಚರ್ಮದ ಮಡಿಕೆಯಲ್ಲಿ ಒಲೆಯ ಶಾಖಕ್ಕೆ ಹುಣ್ಣು. ಸೊಂಟ ಹಿಡಿಯುತ್ತದೆ. ಕೆಮ್ಮಿದರೂ ಮೂತ್ರ ಸೋರುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ.

"ಬಿಗಿಯಾಗಿ ಕಟ್ಟಿದ್ರೆ ಕೂಡ್ಕೊಂತದೆ ಅಂತ ನಂಬಿದ್ದೆ ಕಣವ್ವ," ಎನ್ನುತ್ತಾರೆ.

ದಾಸರಹಳ್ಳಿಯ ಡಾಕ್ಟರ್ ಸೌಮ್ಯ ಹಿಂದೆಯೇ ಬಿಡಿಸಿ ಹೇಳಿದ್ದರು. ಹೊಟ್ಟೆಯ ಸ್ನಾಯುಗಳು ನಡುವೆ ಅಗಲಿವೆ, ಬಟ್ಟೆ ಕಟ್ಟಿದರೆ ಕೂಡುವುದಿಲ್ಲ. ವ್ಯಾಯಾಮ ಮಾಡಿಸಿ ನೋಡಿದರು, ಸಾಲಲಿಲ್ಲ. "ಟಮ್ಮಿ ಟಕ್ ಅಂತಾರಲ್ಲ, ಅದೇ. ಸ್ನಾಯು ಕೂಡಿಸಿ ಹೊಲೀತೀವಿ, ಜೋತಿರೋ ಚರ್ಮ ತೆಗೀತೀವಿ. ಕೆಲವರಿಗೆ ಸೊಂಟನೋವು, ಹುಣ್ಣು, ಸೋರೋದು ಕಡಿಮೆ ಆಗುತ್ತೆ. ನಿಮಗೂ ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಆಪರೇಷನ್ ಅಂದ್ಮೇಲೆ ಅಪಾಯಾನೂ ಇರುತ್ತೆ. ಆಮೇಲೆ ವಾರಗಟ್ಟಲೆ ಭಾರ ಎತ್ತೋ ಹಾಗಿಲ್ಲ."

ಮುನಿಯಕ್ಕ ನಕ್ಕು ಎದ್ದು ಬಂದಿದ್ದರು. "ಸಿನಿಮಾದೋರು ಮಾಡಿಸ್ಕೊಳೋದು, ಅನ್ನ ಬೇಯಿಸೋಳಿಗ್ಯಾಕೆ ಶೋಕಿ ಅಂದೆ."

ಆ ನಗು ಮಗಳು ವೇಣಿಯ ಮದುವೆಯಲ್ಲಿ ಅಡಗಿತು. ಧಾರೆಗೆ ನಿಂತಿದ್ದಾಗ ಕೆಮ್ಮು ಬಂತು, ಸೀರೆ ಒದ್ದೆಯಾಯಿತು. ಮುಹೂರ್ತ ಕಾಯುವುದೇ? ಮೈದುನ, ಓರಗಿತ್ತಿ ನಿಂತು ಧಾರೆ ಎರೆದರು. "ಬಚ್ಚಲಾಗೆ ನಿಂತು ಓಲಗ ಕೇಳಿಸ್ಕೊಂಡೆ. ಎಲ್ಲಾ ಫೋಟೋದಾಗೂ ಓರಗಿತ್ತಿ ಅವಳೆ, ನಾನಿಲ್ಲ."

ಆಮೇಲೆ ಆಪರೇಷನ್ನಿಗೆ ಒಪ್ಪಿದರು. ಜಾಲಹಳ್ಳಿಯಲ್ಲಿರುವ ಕ್ಯಾಂಟೀನ್ ಗುತ್ತಿಗೆದಾರರ ಕಚೇರಿಗೆ ವೇಣಿಯ ಕೈಯಲ್ಲಿ ರಜಾ ಪತ್ರವನ್ನೂ ಬರೆಸಿದರು. ಕಾರಣ ಓದಿ ಆಫೀಸಿನವರು ನಕ್ಕಾರೆಂದು ಕಳಿಸದೆ ವರ್ಷ ದಾಟಿದೆ. ಪತ್ರ ಊಟದ ಬ್ಯಾಗಿನಲ್ಲಿ ದಿನಾ ಪೀಣ್ಯಕ್ಕೆ ಬಂದು ಮಾಕಳಿಗೆ ವಾಪಸಾಗುತ್ತದೆ.

ಹಂಡೆಯ ಇನ್ನೊಂದು ಕಿವಿ ಹಿಡಿದ ಪದ್ಮಾವತಿ ಎತ್ತುತ್ತಲೇ ತುಟಿ ಕಚ್ಚುತ್ತಾರೆ.

"ಏನೇ ಆಯ್ತು?"

"ನಂಗೂ ಸೋರ್ತದೆ ಅಕ್ಕಾ. ಎರಡನೇ ಹೆರಿಗೆ ಆದಾಗಿಂದ. ನೀನೇ ಅಲ್ವಾ ಬಿಗಿಯಾಗಿ ಕಟ್ಕೋ, ಸರಿಹೋಗ್ತದೆ ಅಂದಿದ್ದು? ಕಟ್ಕೊಂಡೇ ಬರ್ತೀನಿ."

ಮುನಿಯಕ್ಕ ಹಂಡೆ ಇಳಿಸುತ್ತಾರೆ. "ನಾನೇ ಕೆಡಿಸ್ದೆ ನಿನ್ನ," ಎನ್ನುತ್ತಾರೆ. "ನಾಳೆ ನಡಿ, ಆ ಡಾಕ್ಟ್ರಮ್ಮಂಗೆ ತೋರಿಸ್ಕೊಂಡು ಬರಾನ. ನನ್ನಂಗೆ ಕಾಯ್ಬ್ಯಾಡ."

ಖಾಲಿ ಪಾತ್ರೆ ಒಯ್ಯಲು ಗುತ್ತಿಗೆದಾರರ ವ್ಯಾನ್ ಬಂದಾಗ ಮುನಿಯಕ್ಕ ಪತ್ರ ತೆಗೆದು ಚಾಲಕ ಕರಿಬಸಪ್ಪನ ಕೈಗಿಡುತ್ತಾರೆ. ಪತ್ರದ ಮಡಿಕೆಗಳಲ್ಲಿ ಅರಿಶಿನದ ಕಲೆ.

"ಆಫೀಸಿಗೆ ಕೊಟ್ಬಿಡಪ್ಪ."

"ಏನಕ್ಕಾ, ರಜಾನಾ? ಯಾವೂರಿಗೆ ಟೂರು?"

ಪದ್ಮಾವತಿಗೂ ಕೇಳುವಂತೆ ಮುನಿಯಕ್ಕ ಗಟ್ಟಿಯಾಗಿ ಹೇಳುತ್ತಾರೆ: "ಊರಿಗಲ್ಲ ಕಣಪ್ಪ. ಒಟ್ಟೆ ಆಪರೇಷನ್‌ಗೆ."