ಬಂಗಡೆಯ ಐದು ರೆಕ್ಕೆ

ಗೆಳೆಯರೇ, ಇವತ್ತು ನನ್ನ ಡಿಸೈನ್ ಅಂಗಡಿಯಲ್ಲಿ ನಡೆದದ್ದಕ್ಕೆ ಇನ್ನೂ ಮೈ ಜುಂ ಎನ್ನುತ್ತಿದೆ.

ತೆಂಗಿನಗುಂಡಿಯ ಮಾದೇವಕ್ಕನ ಒಣಮೀನಿನ ಪ್ಯಾಕೆಟ್ಟಿಗೆ ಫೋಟೋ ನೋಡಿಕೊಂಡು ಬಂಗಡೆಯ ಚಿತ್ರ ಬಿಡಿಸಿದ್ದೆ. ಕುಮಟಾದ ಪ್ರೆಸ್ಸಿನವರು, “ಸಿಡಿಆರ್ ಫೈಲ್ ನಮ್ಮಲ್ಲಿ ತೆರೆಯೂದಿಲ್ಲ, ಇಪಿಎಸ್ ಫೈಲ್ ಮಾಡಿ ಕಳ್ಸಿ” ಎಂದರು. ಮಾಡಿದೆ. “ಯಾವ ದೋಷವೂ ಇಲ್ಲ” ಎಂದಿತು ಕಂಪ್ಯೂಟರು. ನಾಳೆಯೇ ಅಚ್ಚಿಗೆ ಹೋಗಬೇಕು, ಕೊನೆಗೊಮ್ಮೆ ನೋಡಿ ಎಂದು ಮಾದೇವಕ್ಕನನ್ನು ಕರೆದೆ. ಕೈ ಮೀನು ನಾರುತ್ತದೆಂದು ಅವರು ಒಳಗೇ ಬರಲಿಲ್ಲ. ಬಾಗಿಲಲ್ಲೇ ನಿಂತು ಪರದೆ ನೋಡಿದರು.

“ತಮಾ, ಇದು ಬಂಗಡೆ ಅಲ್ಲ.”

ನನಗೆ ಸಿಟ್ಟೇ ಬಂತು. “ಎಂತಕ್ಕೆ ಅಕ್ಕಾ? ಮೊನ್ನೆ ನೀವೇ ಒಪ್ಪಿದ್ರಲ್ಲ!”

“ಮೊನ್ನೆ ಸಮಾ ಇತ್ತು. ಬೆನ್ನ ಮೇಲೆ, ಬಾಲದ ಹತ್ರ, ಸಣ್ಣ ರೆಕ್ಕೆ ಐದಿರ್ತದೆ. ಇಲ್ಲಿ ಮೂರೇ ಅದೆ. ಎರಡು ಎಲ್ಲಿ ಹೋತು?”

ಹಳೆಯ ಸಿಡಿಆರ್ ಫೈಲ್ ತೆರೆದೆ. ಐದು! ಇಪಿಎಸ್ಸನ್ನು ದೊಡ್ಡದು ಮಾಡಿದೆ. ಮೂರು! ಫೈಲ್ ಬದಲಿಸುವಾಗ ಎರಡು ಉದುರಿದ್ದವು. ಪರದೆಯಲ್ಲಿ ಅಕ್ಕಿಕಾಳಿಗಿಂತ ಸಣ್ಣವು. ಬಿಡಿಸಿದ ನಾನೇ ಅವನ್ನು ಎಣಿಸಿರಲಿಲ್ಲ.

ಸರಿಮಾಡಿ ತೋರಿಸಿದೆ. “ಈಗ ಆತು” ಎಂದು ಬುಟ್ಟಿ ಹೊತ್ತು ನಡೆದೇಬಿಟ್ಟರು.

ಆ ಮೂರು ರೆಕ್ಕೆಯ ಫೈಲಿಗೆ ಕಂಪ್ಯೂಟರು ಈಗಲೂ “ಯಾವ ದೋಷವೂ ಇಲ್ಲ” ಎನ್ನುತ್ತಿದೆ. ಪಾಪ, ಅದು ಜನ್ಮದಲ್ಲಿ ಒಂದು ಬಂಗಡೆಯನ್ನೂ ಸೀಳಿದ್ದಲ್ಲ.